ಅಮ್ಮನ ತಟ್ಟೆಯಿಂದ ಅನ್ನ ತೆಗೆಯಬೇಡ

ಕುಂಜಿಬೆಟ್ಟು, ಉಡುಪಿ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟಿದ್ದು ಒಪ್ಪಿಗೆಯಿಂದಲ್ಲ. ಮಾತಿಗೆ ಮಾತು ಬೆಳೆದರೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ನಿನ್ನ ಅಮ್ಮನಿಗೆ ಕೇಳಿಸುತ್ತದೆಂದು ಸುಮ್ಮನಾದೆ. ಹೇಳಬೇಕಾದುದನ್ನು ಬರೆದು ಕಳಿಸುತ್ತಿದ್ದೇನೆ. ಸಾವಧಾನವಾಗಿ ಓದು.

ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಅಮ್ಮನಿಗೆ ಗಂಜಿ, ಅನ್ನ, ಬಾಳೆಹಣ್ಣು, ಬೆಲ್ಲ ಎಲ್ಲವನ್ನೂ ನಿಲ್ಲಿಸಿ, ಸೋರೆಕಾಯಿ ರಸ ಮತ್ತು ಅಡುಗೆ ಸೋಡಾ ಕದಡಿದ ನೀರು ಕೊಡುತ್ತಿದ್ದೀಯ. ಕ್ಯಾನ್ಸರ್ ಸಕ್ಕರೆಯಿಂದ ಬದುಕುತ್ತದೆ, ಸಕ್ಕರೆ ಸಿಗದಿದ್ದರೆ ಸಾಯುತ್ತದೆ ಎಂದು ಎಲ್ಲಿಯೋ ಓದಿದ್ದೀಯ. ಪ್ರೀತಿಯಿಂದಲೇ ಮಾಡುತ್ತಿದ್ದೀಯ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಳೆದ ಸಲ ಬಿಜೈಗೆ, ನಿಮ್ಮ ಮನೆಗೆ ಬಂದಾಗ ನನ್ನ ತಂಗಿಯ ಬಳೆಗಳು ಮೊಣಕೈವರೆಗೆ ಜಾರುವುದನ್ನು ನೋಡಿದೆ. ಲೋಟ ಎತ್ತುವಾಗ ಇನ್ನೊಂದು ಕೈಯಿಂದ ಅವನ್ನು ಹಿಡಿದುಕೊಳ್ಳುತ್ತಿದ್ದಳು. ವೃತ್ತಿಯಿಡೀ ಜೀವರಸಾಯನಶಾಸ್ತ್ರ ಕಲಿಸಿದ ನಾನು ಇದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರಲಾರೆ.

ನೀನು ಓದಿದ್ದರಲ್ಲಿ ಒಂದಂಶ ನಿಜ. ದೇಹದಲ್ಲಿ ಗ್ಲೂಕೋಸ್ ಎಲ್ಲೆಲ್ಲಿ ಸೇರುತ್ತದೆಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸಿದ ದಿನ ನಿನ್ನ ಅಮ್ಮನಿಗೆ ಚುಚ್ಚಿದ್ದು ವಿಕಿರಣಶೀಲ ಫ್ಲೋರಿನ್ ಅಂಟಿಸಿದ ಗ್ಲೂಕೋಸ್. ಸುಮಾರು 110 ನಿಮಿಷಗಳಲ್ಲಿ ಆ ಫ್ಲೋರಿನ್ನಿನ ಅರ್ಧಭಾಗ ಕ್ಷಯಿಸುತ್ತದೆ. ಚುಚ್ಚಿದ ಮೇಲೆ ಅವಳನ್ನು ಒಂದು ಕೋಣೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಅಲುಗಾಡದೆ ಕೂರಿಸಿದ್ದೇಕೆಂದು ನೀನು ಯೋಚಿಸಿದೆಯಾ? ಕೈಕಾಲು ಆಡಿಸಿದರೆ ಸ್ನಾಯುಗಳು ಆ ಗ್ಲೂಕೋಸನ್ನು ಎಳೆದುಕೊಂಡುಬಿಡುತ್ತವೆ. ಶ್ವಾಸಕೋಶದ ಗಡ್ಡೆ ಹೊಳೆಯುವುದನ್ನು ಕಂಡು ನೀನು ಹೆದರಿದೆ. ಅದೇ ಚಿತ್ರದಲ್ಲಿ ಅವಳ ಮಿದುಳೂ ಹೊಳೆಯುತ್ತಿತ್ತು. ಅದು ಆರೋಗ್ಯದ ಬೆಳಕು. ಗ್ಲೂಕೋಸಿಗೆ ಹಾತೊರೆಯುವುದು ಕ್ಯಾನ್ಸರ್ ಒಂದರ ಗುಣವಲ್ಲ.

ಗಡ್ಡೆಯ ಈ ಗುಣವನ್ನು 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಗುರುತಿಸಿದವರು ಜರ್ಮನ್ ವಿಜ್ಞಾನಿ ಆಟೋ ವಾರ್ಬರ್ಗ್. ಆಮ್ಲಜನಕ ಬಳಸಿ ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಕೋಶ ಶಕ್ತಿಗೆ ಬಳಸುವ ಎಟಿಪಿ ಎಂಬ ಅಣುಗಳು ಸುಮಾರು 30 ಸಿಗುತ್ತವೆ. ಕ್ಯಾನ್ಸರ್ ಕೋಶ ಆಮ್ಲಜನಕ ಇದ್ದಾಗಲೂ ಗ್ಲೂಕೋಸಿನ ದೊಡ್ಡ ಪಾಲನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ, ಅಣುವೊಂದಕ್ಕೆ 2 ಎಟಿಪಿ ಮಾತ್ರ ಪಡೆಯುತ್ತದೆ. ಇಂಧನ ಪೋಲಾದಂತೆ ಕಾಣುತ್ತದೆ. ಆದರೆ ಬೇಗ ಬೇಗ ಒಡೆದು ಎರಡಾಗಬೇಕಾದ ಕೋಶಕ್ಕೆ ಶಕ್ತಿಯ ಜೊತೆಗೆ ಹೊಸ ಮೈ ಕಟ್ಟಲು ಸಾಮಗ್ರಿಯೂ ಬೇಕು, ಅದು ಈ ದಾರಿಯಲ್ಲಿ ಸಿಗುತ್ತದೆ. ಉಸಿರಾಟದ ವ್ಯವಸ್ಥೆ ಕೆಟ್ಟಿರುವುದೇ ಕ್ಯಾನ್ಸರಿನ ಮೂಲವೆಂದು ವಾರ್ಬರ್ಗ್ ಕೊನೆಯವರೆಗೂ ನಂಬಿದ್ದರು. ಹೆಚ್ಚಿನ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ, ಅಂದರೆ ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗಗಳು, ಕೆಲಸ ಮಾಡುತ್ತಲೇ ಇರುತ್ತವೆ ಎಂದು ಆಮೇಲೆ ತಿಳಿಯಿತು. ನೊಬೆಲ್ ಬಂದವರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕಾಯಿತು, ಮೊಬೈಲಿನಲ್ಲಿ ಬಂದ ಮಾತನ್ನು ನೀನು ಒಂದೇ ರಾತ್ರಿಯಲ್ಲಿ ಒಪ್ಪಿದೆ.

ಇನ್ನು ನೀನು ಓದದೆ ಬಿಟ್ಟ ಭಾಗ. ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ನಮ್ಮದೇ ಟಿ ಕೋಶಗಳು, ಅಂದರೆ ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿರಕ್ತಕಣಗಳು, ಸುಮ್ಮನಿದ್ದಾಗ ಮಿತವಾಗಿ ಬದುಕುತ್ತವೆ. ವೈರಿಯ ಗುರುತು ಹತ್ತಿದೊಡನೆ ಹಿಗ್ಗಿ, ಒಡೆದು, ಸಾವಿರಾರು ಆಗುತ್ತವೆ. ಆಗ ಅವುಗಳಿಗೂ ಅದೇ ವಾರ್ಬರ್ಗ್ ದಾರಿ, ಅದೇ ಗ್ಲೂಕೋಸ್. ಅದಿಲ್ಲದಿದ್ದರೆ ಇಂಟರ್‌ಫೆರಾನ್ ಗಾಮಾ ಎಂಬ ಅಸ್ತ್ರ ಸಾಕಷ್ಟು ತಯಾರಾಗುವುದಿಲ್ಲ. 2015ರಲ್ಲಿ ಎರಡು ತಂಡಗಳು ಇಲಿಗಳ ಗಡ್ಡೆಗಳಲ್ಲಿ ಇದನ್ನೇ ಕಂಡವು: ಗಡ್ಡೆ ಗ್ಲೂಕೋಸನ್ನು ಹೀರಿದ ಕಡೆ ಟಿ ಕೋಶಗಳು ಎದುರಿಗೆ ಬಂದು ನಿಂತರೂ ಕೈಸೋಲುತ್ತಿದ್ದವು. ನಮ್ಮ ಊರಿನ ಏಪ್ರಿಲ್ ತಿಂಗಳನ್ನು ನೆನೆ. ಎರಡು ಮನೆಗೆ ಒಂದೇ ಬಾವಿ. ಒಂದು ಮನೆಯವರು ಪಂಪು ಇಟ್ಟಿದ್ದಾರೆ, ಇನ್ನೊಂದು ಮನೆಯವರದು ಕೊಡಪಾನ. ಪಂಪಿನವರ ಮೇಲೆ ಸಿಟ್ಟಿಗೆದ್ದು ಬಾವಿಯ ನೀರನ್ನೇ ಇಳಿಸಿದರೆ ಮೊದಲು ಬರಿಗೈಯಲ್ಲಿ ಹಿಂದಿರುಗುವವರು ಯಾರು?

ತಟ್ಟೆಯಿಂದ ಅನ್ನ ತೆಗೆದ ಮಾತ್ರಕ್ಕೆ ಆ ನೀರು ಇಳಿಯುವುದೂ ಇಲ್ಲ. ಊಟ ನಿಂತರೆ ಯಕೃತ್ತು ಸಂಗ್ರಹವನ್ನು ಬಿಚ್ಚುತ್ತದೆ, ಅದು ಮುಗಿದ ಮೇಲೆ ಸ್ನಾಯುವಿನ ಪ್ರೋಟೀನನ್ನು ಒಡೆದು ಗ್ಲೂಕೋಸ್ ಮಾಡುತ್ತದೆ. ಗಡ್ಡೆ ಹೊರಚೆಲ್ಲಿದ ಲ್ಯಾಕ್ಟಿಕ್ ಆಮ್ಲದಿಂದಲೂ ಮಾಡುತ್ತದೆ. ರಕ್ತದ ಸಕ್ಕರೆ ಅದರ ಮಟ್ಟದಲ್ಲೇ ಇರುತ್ತದೆ, ಕರಗುವುದು ನಿನ್ನ ಅಮ್ಮನ ತೋಳು. 2021ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಇಲಿಗಳ ಗಡ್ಡೆಯೊಳಗೆ ಕೋಶ ಕೋಶವಾಗಿ ಅಳೆದಾಗ ಅತಿ ಹೆಚ್ಚು ಗ್ಲೂಕೋಸ್ ತೆಗೆದುಕೊಳ್ಳುತ್ತಿದ್ದವು ಅಲ್ಲಿ ಸೇರಿದ್ದ ಮೈಲಾಯ್ಡ್ ಎಂಬ ಬಿಳಿರಕ್ತಕಣಗಳು. ಕ್ಯಾನ್ಸರ್ ಕೋಶಗಳು ಮುಗಿಬಿದ್ದದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲಕ್ಕೆ. ದೇಹದ ಗ್ಲುಟಮಿನ್ ಭಂಡಾರ ಇರುವುದು ಸ್ನಾಯುವಿನಲ್ಲೇ. ಅಂದರೆ ಅವಳನ್ನು ಉಪವಾಸ ಕೆಡವಿ ಯಾರಿಗೆ ಬಡಿಸುತ್ತಿದ್ದೀಯೆಂದು ನೀನೇ ಯೋಚಿಸು.

ಸೋಡಾ ನೀರಿನ ವಿಷಯಕ್ಕೆ ಬರುತ್ತೇನೆ. ಇದರಲ್ಲೂ ಒಂದು ಎಳೆ ನಿಜವಿದೆ. ಪಿಎಚ್ ಎಂಬುದು ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿದ್ದರೆ ಗಡ್ಡೆಯ ಸುತ್ತಲಿನ ದ್ರವದಲ್ಲಿ ಅದು 6.5ರವರೆಗೂ ಇಳಿಯಬಹುದು. ಆ ಹುಳಿಯಲ್ಲಿ ಟಿ ಕೋಶಗಳೂ, ಗಡ್ಡೆಯ ಕೋಶಗಳನ್ನು ಕೊಲ್ಲುವ ಇನ್ನೊಂದು ಬಗೆಯ ಬಿಳಿರಕ್ತಕಣಗಳಾದ ಸಹಜ ಮಾರಕ ಕೋಶಗಳೂ ಮಂಕಾಗುತ್ತವೆ. ಇನ್ನೂ ಕೆಟ್ಟ ಸಂಗತಿಯೆಂದರೆ, ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಅದೇ ಲ್ಯಾಕ್ಟಿಕ್ ಆಮ್ಲವನ್ನು ಆಹಾರವಾಗಿ ಬಳಸಿಕೊಂಡು ಅಲ್ಲಿ ನೆಮ್ಮದಿಯಾಗಿ ಇರುತ್ತವೆ. ಈ ನಿಯಂತ್ರಕ ಕೋಶಗಳ ಶೋಧಕ್ಕೇ 2025ರ ನೊಬೆಲ್ ಬಂದದ್ದು. ಹಾಗಾದರೆ ಸೋಡಾ ಕುಡಿಸಿ ಹುಳಿ ತೆಗೆಯಬಹುದಲ್ಲ ಎನ್ನುತ್ತೀಯ. ಇಲಿಗಳಲ್ಲಿ ಅದು ಸ್ವಲ್ಪ ಫಲ ಕೊಟ್ಟದ್ದುಂಟು. ಮನುಷ್ಯರಿಗೆ ಅಷ್ಟು ಪ್ರಮಾಣದ ಸೋಡಾವನ್ನು ತಾಳಿಕೊಳ್ಳಲಾಗಲಿಲ್ಲ. ನೀನು ಕೊಡುವ ಲೋಟದ ಸೋಡಾವನ್ನು ಹೊಟ್ಟೆಯ ಆಮ್ಲ, ಶ್ವಾಸಕೋಶ ಮತ್ತು ಮೂತ್ರಪಿಂಡ ಸೇರಿ ಸರಿದೂಗಿಸಿಬಿಡುತ್ತವೆ. ಉಳಿಯುವುದು ಅದರಲ್ಲಿರುವ ಸೋಡಿಯಂ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ನಿನ್ನ ಅಮ್ಮನಿಗೆ ಅದು ಬೇಡವೇ ಬೇಡ. ಇಂದೇ ನಿಲ್ಲಿಸು. ಸೋರೆಕಾಯಿ ರಸವನ್ನೂ ನಿಲ್ಲಿಸು. ಕಹಿ ಸೋರೆಕಾಯಿಯ ರಸ ಕುಡಿದು ಜೀವ ಕಳೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ.

ಗಡ್ಡೆ ಏನನ್ನು ಕಸಿಯುತ್ತದೆಯೋ ಅದನ್ನು ತಡೆದರೆ ರೋಗ ಸೋಲುತ್ತದೆಂಬ ಲೆಕ್ಕ ಎಷ್ಟು ಕಠಿಣವೆನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೆಲವು ಗಡ್ಡೆಗಳು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಕೈನುರೆನಿನ್ ಆಗಿ ಬದಲಾಯಿಸಿ ಟಿ ಕೋಶಗಳನ್ನು ಕುಗ್ಗಿಸುತ್ತವೆ. ಆ ಕೆಲಸ ಮಾಡುವ ಕಿಣ್ವವನ್ನು ತಡೆಯುವ ಎಪಕಾಡೊಸ್ಟಾಟ್ ಎಂಬ ಔಷಧದ ಮೇಲೆ ಅನೇಕರು ಆಸೆ ಇಟ್ಟಿದ್ದರು. 2018ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರುವ ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ, ಟಿ ಕೋಶಗಳ ತಡೆ ಸಡಿಲಿಸುವ ಪೆಂಬ್ರೊಲಿಜುಮಾಬ್ ಔಷಧದ ಜೊತೆ ಅದನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ವರ್ಷಗಟ್ಟಲೆ ದುಡಿದವರ ಲೆಕ್ಕವೇ ತಪ್ಪಿತು, ಮಗಾ. ನಿನ್ನನ್ನು ಬೈಯಲು ನನಗೆ ಮನಸ್ಸಿಲ್ಲ, ಆದರೆ ಮೊಬೈಲಿನಲ್ಲಿ ಓದಿದ್ದನ್ನು ನಂಬಿ ಅಮ್ಮನ ದೇಹದ ಮೇಲೆ ಪ್ರಯೋಗ ಮಾಡುವ ಹಕ್ಕು ನಿನಗಿಲ್ಲ.

ಅದೇ ಪೆಂಬ್ರೊಲಿಜುಮಾಬ್ ಅವಳಿಗೆ ಮೂರು ವಾರಕ್ಕೊಮ್ಮೆ ಕೀಮೋ ಜೊತೆಗೆ ಸಿಗುತ್ತಿದೆ. ಜಪಾನಿನ ವಿಜ್ಞಾನಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿದ ಟಿ ಕೋಶಗಳ ಮೇಲಿನ ಪಿಡಿ-1 ಎಂಬ ತಡೆಯನ್ನು ಅದು ಸಡಿಲಿಸುತ್ತದೆ. 2015ರ ಆ ಇಲಿ ಪ್ರಯೋಗಗಳಲ್ಲಿ ಈ ಬಗೆಯ ಔಷಧ ಗಡ್ಡೆಯೊಳಗಿನ ಟಿ ಕೋಶಗಳಿಗೆ ಗ್ಲೂಕೋಸ್ ಮರಳಿ ಸಿಗುವಂತೆಯೂ ಮಾಡಿತು. ಕಸಿದುಕೊಳ್ಳುವವರನ್ನು ತಡೆಯುವ ಕೆಲಸ ಆ ಔಷಧದ್ದು, ವೈದ್ಯರದ್ದು. ಅವಳು ಅದನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ನಿನ್ನದು. ಮೈ ಇಳಿದ ರೋಗಿಗೆ ಕೀಮೋದ ಬಾಧೆ ಹೆಚ್ಚು, ಕೆಲವೊಮ್ಮೆ ಡೋಸನ್ನೇ ಮುಂದೂಡಬೇಕಾಗುತ್ತದೆ.

ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 25ರಿಂದ 30 ಕಿಲೋಕ್ಯಾಲೊರಿ, 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ ಹಾಕು, ಜೊತೆಗೆ ಹೆಸರುಕಾಳಿನ ಪಲ್ಯ. ಖಾರ ಕಡಿಮೆ ಮಾಡಿ ಬಂಗುಡೆ ಸಾರು ಮಾಡಿಸು, ಬೆಳಗ್ಗೆ ಮೊಟ್ಟೆ ಬೇಯಿಸು. ಒಮ್ಮೆಗೇ ಹೋಗದಿದ್ದರೆ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡು. ಚಹಾಕ್ಕೆ ಬೆಲ್ಲ ಕೇಳಿದರೆ ಹಾಕು. ಕೀಮೋ ದಿನ ಕೊಡುವ ಸ್ಟಿರಾಯ್ಡಿನಿಂದ ಕೆಲವರಿಗೆ ರಕ್ತದ ಸಕ್ಕರೆ ಏರುತ್ತದೆ. ವರದಿ ನೋಡಿ ವೈದ್ಯರು ಮಿತಿ ಹೇಳಿದರೆ ಆ ಮಿತಿಯನ್ನು ಪಾಲಿಸು.

ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಪುಸ್ತಕ ತೋರಿಸು, ಆಹಾರತಜ್ಞರನ್ನು ಕಾಣಬೇಕೆಂದು ಕೇಳು, ಇಷ್ಟು ದಿನ ಏನೇನು ಕೊಟ್ಟೆಯೆಂದು ಮುಚ್ಚಿಡದೆ ಹೇಳು. ತಡೆ ಸಡಿಲಿಸಿದ ರೋಗನಿರೋಧಕ ವ್ಯವಸ್ಥೆ ಕೆಲವೊಮ್ಮೆ ಸ್ವಂತ ಕರುಳನ್ನೋ ಶ್ವಾಸಕೋಶವನ್ನೋ ಬಾಧಿಸುತ್ತದೆ. ಭೇದಿ ಶುರುವಾದರೆ, ಏದುಸಿರು ಹೆಚ್ಚಿದರೆ, ಮೈತುಂಬ ತುರಿಕೆ ಎದ್ದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಫೋನ್ ಮಾಡು.

ಶನಿವಾರ ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟು ಬರುತ್ತೇನೆ. ಅಡುಗೆ ಎರಡು ದಿನ ನಾನು ನೋಡಿಕೊಳ್ಳುತ್ತೇನೆ, ನೀನು ನಿದ್ದೆ ಮಾಡು. ಮನೆಯಲ್ಲಿ ಕುಚ್ಚಲಕ್ಕಿ ಇಲ್ಲದಿದ್ದರೆ ತಿಳಿಸು, ಇಲ್ಲಿಂದಲೇ ತರುತ್ತೇನೆ.

ಇಂತು ನಿನ್ನ
ದೊಡ್ಡಮ್ಮ