ಐದು ಚಿನ್ನ ಗೆದ್ದು ಎದ್ದು ಹೋದವನು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

"ಅಮ್ಮಾ, ಸ್ಕೇಟಿಂಗ್ ಸಾಕು ಅನ್ನಿಸ್ತಿದೆ, ಇನ್ನು ಓದಿನ ಕಡೆ ಹೋಗ್ತೀನಿ" ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಬರೀ "ಹೂಂ, ನೋಡೋಣ" ಅಂದೆ. ಪಕ್ಕದಲ್ಲಿ ನಿನ್ನ ದೊಡ್ಡಪ್ಪ ಕೂತಿದ್ದರು. ವಿಷಯ ಗೊತ್ತಾದ ಕೂಡಲೇ ಲೆಕ್ಕ ಶುರು ಮಾಡಿದರು. ಬೂಟು, ಫ್ರೇಮು, ಚಕ್ರ, ಬೆಳಗಾವಿಗೆ ಓಡಾಡಿದ ಬಸ್ ಚಾರ್ಜು. "ಇಷ್ಟೆಲ್ಲ ಸುರಿದು ಈಗ ಬಿಡೋದಾ?" ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ನಿನಗೆ ಮಾತ್ರ ಸ್ಪೀಡ್ ಸ್ಕೇಟರ್ ಎರಿಕ್ ಹೈಡನ್ ಕಥೆ ಹೇಳಬೇಕು ಅನ್ನಿಸಿತು.

ನಿನ್ನದು ಚಕ್ರದ ಸ್ಕೇಟು, ಅವನದು ಮಂಜುಗಡ್ಡೆಯ ಮೇಲೆ. ಆದರೆ ಸೊಂಟ ಬಗ್ಗಿಸಿ ಕೂರುವ ಆ ಭಂಗಿ, ಸದಾ ಎಡಕ್ಕೇ ಬರುವ ತಿರುವು, ಮಾರನೇ ದಿನ ಮೆಟ್ಟಿಲು ಇಳಿಯೋಕೆ ಬಿಡದ ತೊಡೆನೋವು, ಇದೆಲ್ಲ ಎರಡು ಕಡೆಯೂ ಒಂದೇ. ಹೈಡನ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ. ಅಪ್ಪ ಮೂಳೆ ಡಾಕ್ಟರು. ತಂಗಿ ಬೆತ್ ಕೂಡ ಸ್ಕೇಟರ್. ಕೋಚ್ ಡಯಾನ್ ಹೋಲಮ್, 1972ರಲ್ಲಿ ಸ್ವತಃ ಒಲಿಂಪಿಕ್ ಚಿನ್ನ ಗೆದ್ದ ಹೆಂಗಸು. ಗಂಡಸರಿಗೆ ಹೆಂಗಸು ಕೋಚ್ ಆಗೋದೇ ಅಪರೂಪವಾಗಿದ್ದ ಕಾಲ ಅದು, ಗಮನಿಸು.

1976ರ ಇನ್ಸ್‌ಬ್ರಕ್ ಒಲಿಂಪಿಕ್ಸಿಗೆ ಹೋದಾಗ ಅವನಿಗೆ 17. ಪದಕದ ಹತ್ತಿರವೂ ಸುಳಿಯಲಿಲ್ಲ. ಮುಂದಿನ ವರ್ಷವೇ ವಿಶ್ವ ಆಲ್‌ರೌಂಡ್ ಚಾಂಪಿಯನ್. 1978, 1979ರಲ್ಲೂ ಅವನೇ. ಆಲ್‌ರೌಂಡ್ ಅಂದರೆ 500, 1500, 5000, 10000 ಮೀಟರ್ ನಾಲ್ಕನ್ನೂ ಓಡಿ, ಎಲ್ಲದರ ಅಂಕ ಕೂಡಿಸೋದು. ನಾರ್ವೆ, ನೆದರ್ಲೆಂಡ್ಸಿನಲ್ಲಿ ಜನ ಅವನನ್ನು ಬೀದಿಯಲ್ಲಿ ಗುರುತು ಹಿಡಿಯುತ್ತಿದ್ದರು. ಸ್ವಂತ ದೇಶದಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ರೋಲರ್ ಸ್ಕೇಟಿಂಗಿಗೆ ಇರುವ ಗತಿಯೇ ಅಲ್ಲಿ ಐಸ್ ಸ್ಕೇಟಿಂಗಿಗಿತ್ತು.

ಆಮೇಲೆ ಬಂತು 1980ರ ಫೆಬ್ರವರಿ, ಅಮೆರಿಕದ ಲೇಕ್ ಪ್ಲಾಸಿಡ್ ಊರಿನಲ್ಲಿ ಚಳಿಗಾಲದ ಒಲಿಂಪಿಕ್ಸ್. ಊರಿನ ಹೈಸ್ಕೂಲಿನ ಮುಂದೆಯೇ ಬಯಲಿನಲ್ಲಿ 400 ಮೀಟರಿನ ಐಸ್ ಟ್ರ್ಯಾಕು. ಬಂಗಾರದ ಬಣ್ಣದ ಬಿಗಿ ಸೂಟು ಹಾಕಿಕೊಂಡು ಇಳಿದ. ಗೆಲ್ಲದೆ ಹೋಗಿದ್ದರೆ ಆ ಬಣ್ಣಕ್ಕೇ ಎಷ್ಟು ನಗುತ್ತಿದ್ದರೋ! ಮೊದಲು 500 ಮೀಟರ್. ಜೊತೆಯಲ್ಲಿ ಓಡಿದವನು ಸೋವಿಯತ್ ದೇಶದ ಕುಲಿಕೋವ್, ಆ ದೂರದ ವಿಶ್ವದಾಖಲೆ ಅವನ ಹೆಸರಿನಲ್ಲಿತ್ತು. ಹೈಡನ್ 38.03 ಸೆಕೆಂಡು, ಕುಲಿಕೋವ್ 38.37. ಮಾರನೇ ದಿನ 5000 ಗೆದ್ದ. ಆಮೇಲೆ 1000.

1500 ಮೀಟರಿನದನ್ನು ನೀನು ಹುಡುಕಿ ನೋಡು. ನಡುವೆ ಒಂದು ತಿರುವಿನಲ್ಲಿ ಐಸಿನ ತಗ್ಗಿಗೆ ಕಾಲು ಸಿಕ್ಕಿ ಜಾರುತ್ತಾನೆ. ಕೈ ಇನ್ನೇನು ನೆಲಕ್ಕೆ ತಾಗಬೇಕು, ಅಷ್ಟರಲ್ಲಿ ಸಂಭಾಳಿಸಿಕೊಳ್ಳುತ್ತಾನೆ. ಗಾಬರಿಯಾಗಿ ನಾಲ್ಕು ಹೆಜ್ಜೆ ಜೋರಾಗಿ ತಳ್ಳೋದಿಲ್ಲ. ಇದ್ದ ಲಯಕ್ಕೇ ವಾಪಸು ಬರುತ್ತಾನೆ. ನಿಮ್ಮ ಕೋಚ್ ಬಾಯಿ ಬಡ್ಕೊಂಡು ಹೇಳೋದು ಇದನ್ನೇ ಅಲ್ವಾ? ಆ ಓಟವನ್ನೂ ಅವನೇ ಗೆದ್ದ, 1 ನಿಮಿಷ 55.44 ಸೆಕೆಂಡಿನಲ್ಲಿ.

ಉಳಿದದ್ದು 10000. ಇಪ್ಪತ್ತೈದು ಸುತ್ತು. ನೀನು 500 ಮೀಟರಿನವಳು, ಉದ್ದದ ರೇಸಿನಲ್ಲಿ ನಿನ್ನ ಕಥೆ ಏನಾಗುತ್ತಿತ್ತು ಅಂತ ನಮ್ಮಿಬ್ಬರಿಗೂ ಗೊತ್ತು. ಹಿಂದಿನ ಸಂಜೆ ಅಮೆರಿಕದ ಹುಡುಗರು ಐಸ್ ಹಾಕಿಯಲ್ಲಿ ಸೋವಿಯತ್ ತಂಡವನ್ನು ಸೋಲಿಸಿದ್ದರು. ಆ ತಂಡದಲ್ಲಿ ಮ್ಯಾಡಿಸನ್ನಿನ ಗೆಳೆಯರಿದ್ದರು. ಇವನು ಹೋಗಿ ಮ್ಯಾಚ್ ನೋಡಿ, ಕೂಗಾಡಿ, ಬೆಳಿಗ್ಗೆ ಏಳೋದು ತಡವಾಗಿ, ಕೈಗೆ ಸಿಕ್ಕ ಬ್ರೆಡ್ಡು ತಿಂದುಕೊಂಡೇ ಟ್ರ್ಯಾಕಿಗೆ ಓಡಿದ. ಹಾಗೆ ಬಂದವನು 14 ನಿಮಿಷ 28.13 ಸೆಕೆಂಡಿನಲ್ಲಿ ಮುಗಿಸಿದ. ಹಳೇ ವಿಶ್ವದಾಖಲೆಗಿಂತ 6 ಸೆಕೆಂಡಿಗೂ ಜಾಸ್ತಿ ಬೇಗ. (ಇದನ್ನು ಓದಿ ರೇಸಿನ ಹಿಂದಿನ ರಾತ್ರಿ ಮೊಬೈಲ್ ಹಿಡಿದು ಕೂತದ್ದೂ ಸರಿ ಅನ್ನಬೇಡ.) ಆ ಕೂಟದಲ್ಲಿ ಅಮೆರಿಕಕ್ಕೆ ಬಂದದ್ದು ಒಟ್ಟು ಆರು ಚಿನ್ನ. ಐದು ಇವನೊಬ್ಬನದು, ಆರನೆಯದು ಆ ಹಾಕಿ ತಂಡದ್ದು.

ಆಗ ವಯಸ್ಸು 21. ಒಂದು ವಾರದ ಮೇಲೆ ನೆದರ್ಲೆಂಡ್ಸಿನಲ್ಲಿ ವಿಶ್ವ ಆಲ್‌ರೌಂಡ್ ಪಂದ್ಯ. ಅಲ್ಲಿ ಎರಡನೆಯವನಾದ. ಅಷ್ಟೇ, ಸ್ಕೇಟ್ ಬಿಟ್ಟ. ಹೆಸರು ಬಂದದ್ದೇ ಅವನಿಗೆ ಹಿಂಸೆಯಾಗಿತ್ತು. ಪದಕ ಸುಮ್ನೆ ಕೂತಿರುತ್ತೆ, ಅದಕ್ಕಿಂತ ಒಳ್ಳೇ ವಾರ್ಮ್‌ಅಪ್ ಸೂಟು ಕೊಟ್ಟರೆ ಹಾಕಿಕೊಳ್ಳಬಹುದು ಅಂದಿದ್ದ. ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ.

ಮುಂದೆ ಸೈಕಲ್ ಹತ್ತಿದ. ಬೇಸಿಗೆಯಲ್ಲಿ ಸ್ಕೇಟರುಗಳು ತೊಡೆಗೆ ಬಲ ಬರಲಿ ಅಂತ ಸೈಕಲ್ ತುಳಿಯುತ್ತಾರಲ್ಲ, ಅದೇ ಅಭ್ಯಾಸ. 1985ರಲ್ಲಿ ಅಮೆರಿಕದ ವೃತ್ತಿಪರ ಸೈಕ್ಲಿಂಗ್ ಚಾಂಪಿಯನ್ ಆದ. 1986ರಲ್ಲಿ ಟೂರ್ ಡಿ ಫ್ರಾನ್ಸ್ ಅನ್ನೋ ದೊಡ್ಡ ಸೈಕಲ್ ರೇಸಿಗೆ ಹೋದ, ರೇಸು ಮುಗಿಯುವ ಪ್ಯಾರಿಸ್ ಮುಟ್ಟಲು ಕೆಲವೇ ದಿನ ಇರುವಾಗ ಬೆಟ್ಟ ಇಳಿಯುತ್ತಾ ಬಿದ್ದು ತಲೆಗೆ ಪೆಟ್ಟಾಗಿ ಹೊರಬಂದ. ಅಲ್ಲಿಂದ ಸ್ಟ್ಯಾನ್‌ಫರ್ಡಿನಲ್ಲಿ ವೈದ್ಯಕೀಯ ಓದಿ 1991ರಲ್ಲಿ ಪದವಿ ತಗೊಂಡ. ಕೊನೆಗೆ ಅಪ್ಪನ ಹಾಗೆ ಮೂಳೆ ಡಾಕ್ಟರೇ ಆದ. ಅಮೆರಿಕದ ಸ್ಪೀಡ್ ಸ್ಕೇಟಿಂಗ್ ತಂಡಕ್ಕೂ ಡಾಕ್ಟರಾಗಿದ್ದ. 2009ರಲ್ಲಿ ಆಯ್ಕೆ ಪಂದ್ಯದಲ್ಲಿ ಜೆ. ಆರ್. ಸೆಲ್ಸ್ಕಿ ಅನ್ನೋ ಹುಡುಗ ಬಿದ್ದು, ಅವನ ಸ್ಕೇಟಿನ ಅಲಗೇ ಅವನ ತೊಡೆಯನ್ನು ಆಳವಾಗಿ ಸೀಳಿತು. ಆಗ ನೋಡಿಕೊಂಡ ಡಾಕ್ಟರುಗಳಲ್ಲಿ ಹೈಡನ್ ಇದ್ದ. ಮುಂದಿನ ಚಳಿಗಾಲದಲ್ಲೇ ಆ ಹುಡುಗ ವ್ಯಾಂಕೋವರ್ ಒಲಿಂಪಿಕ್ಸಿನಲ್ಲಿ ಎರಡು ಕಂಚು ಗೆದ್ದ. ಅರವತ್ತು ದಾಟಿದ ಡಾಕ್ಟರನ್ನು "ಅವನು, ಇವನು" ಅಂತಿದ್ದೀನಿ ನೋಡು. ಬರೆಯುತ್ತಾ ನಮ್ಮನೆ ಹುಡುಗನೇ ಆಗಿಬಿಟ್ಟ.

ಸರಿ, ಈಗ ನಿನ್ನ ವಿಷಯ. ಬಿಡೋದಾದರೆ ಬಿಡು. ಖರ್ಚಿನ ಮಾತು ನಿನ್ನ ತಲೆಗೆ ಬೇಡ, ಅದು ನನ್ನದು, ನನ್ನ ಇಷ್ಟದಿಂದ ಮಾಡಿದ್ದು. ಭಾನುವಾರ ಹಳೇ ಪೇಪರ್ ಹಾಸಿ, ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆದು, ಒಂದೊಂದನ್ನೂ ಬೆರಳಿನಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿಯುತ್ತಿದ್ದೆಯಲ್ಲ, ಅದನ್ನು ನೋಡೋಕೇ ನನಗೆ ಖುಷಿಯಾಗುತ್ತಿತ್ತು.

ಒಂದೇ ಒಂದು ಪ್ರಶ್ನೆ. ಹೋದ ಸಲ ರಾಜ್ಯಮಟ್ಟದಲ್ಲಿ ಫೈನಲ್ಲಿಗೆ ಬರಲಿಲ್ಲ ಅನ್ನೋ ಸಿಟ್ಟಿನಲ್ಲಿ ಬಿಡ್ತಿದ್ದೀಯಾ, ಅಥವಾ ಆ ಮಣ್ಣಿನ ಲ್ಯಾಬು, ಬೀಜದ ಲ್ಯಾಬು ನಿಜವಾಗಲೂ ನಿನ್ನನ್ನು ಎಳೀತಿದೆಯಾ? ಸಿಟ್ಟಾದರೆ ಎರಡು ತಿಂಗಳು ತಡಿ. ಎಳೀತಿದ್ದರೆ ತಡೆಯೋ ಅಗತ್ಯ ಇಲ್ಲ.

ಕೋಚ್‌ಗೆ ಮಾತ್ರ ನೀನೇ ಫೋನ್ ಮಾಡು, ನನ್ನ ಕೈಯಲ್ಲಿ ಹೇಳಿಸಬೇಡ. ಮೆಸೇಜೂ ಬೇಡ. ಮಧ್ಯಾಹ್ನ ಎರಡರ ಮೇಲೆ ಅವರಿಗೆ ಪುರುಸೊತ್ತು ಇರುತ್ತೆ.

ನಿನ್ನ ಅಮ್ಮ