ಹಲ್ಲು ಕೀಳಿಸಿಕೊಂಡ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಹಲ್ಲು ಕೀಳಿಸಿ ನಾಲ್ಕು ದಿನ ಆಯಿತು, ನೋವು ಕಮ್ಮಿ ಆಗುವ ಬದಲು ಜಾಸ್ತಿ ಆಗುತ್ತಿದೆ, ಇನ್ಶೂರೆನ್ಸ್ ಬೇರೆ ಇಲ್ಲ, ಮತ್ತೆ ಹೋದರೆ ಎಷ್ಟು ಬಿಲ್ ಮಾಡುತ್ತಾರೋ ಅಂತ ಬರೆದಿದ್ದೀಯ. ಓದುತ್ತಿದ್ದ ಹಾಗೆ ನನ್ನ ನಾಲಿಗೆ ತಾನಾಗಿಯೇ ಕೆಳದವಡೆಯ ಮೂಲೆಗೆ ಹೋಯಿತು. ಅಲ್ಲೊಂದು ಹಲ್ಲಿಲ್ಲದ ಜಾಗ ಇದೆ. ಆ ಕಥೆ ನಿನಗೆ ಹೇಳಿರಲಿಲ್ಲ. ನಾಚಿಕೆ ಆಗಿತ್ತು.

ನನಗೆ ಕೀಳಿಸಿದ್ದು ಬುದ್ಧಿ ಹಲ್ಲು. ಹಲ್ಲಿನ ಜೊತೆ ಬುದ್ಧಿಯೂ ಹೋಗಿರಬೇಕು, ಮಾರನೇ ದಿನವೇ ಸಿಗರೇಟು ಸೇದಿದೆ. ಮೂರನೇ ರಾತ್ರಿ ಶುರುವಾಯಿತು ನೋಡು. ನೋವು ದವಡೆಯಲ್ಲಿ ಹುಟ್ಟಿ ಕಿವಿಯವರೆಗೆ ಎಳೆಯುತ್ತಿತ್ತು. ಬಾಯಲ್ಲಿ ಕೆಟ್ಟ ವಾಸನೆ. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿದರೆ ಖಾಲಿ ಗುಳಿ, ತಳದಲ್ಲಿ ಬೆಳ್ಳಗೆ ಏನೋ. ಮೂಳೆ ಅದು.

ಇದಕ್ಕೆ ಡ್ರೈ ಸಾಕೆಟ್ ಅಂತಾರೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರಬೇಕು. ಅದು ಕರಗಿಯೋ ಕಿತ್ತೋ ಹೋದರೆ ಕೆಳಗಿನ ಮೂಳೆ ಬತ್ತಲಾಗುತ್ತದೆ. ಗಾಳಿ ಸೋಕಿದರೂ ಪ್ರಾಣ ಹೋದ ಹಾಗಾಗುತ್ತದೆ.

ಆದರೂ ಮೂರು ದಿನ ಮನೆಯಲ್ಲೇ ಕೂತೆ. ಬಿಲ್ಲಿನ ಭಯ. ಯಾವಾಗಲೋ ಉಳಿದಿದ್ದ ಆಂಟಿಬಯಾಟಿಕ್ ಹುಡುಕಿ ನುಂಗಿದೆ, ಏನೂ ಆಗಲಿಲ್ಲ. ಆಗುವುದೂ ಇಲ್ಲ, ಮೂಳೆ ತೆರೆದುಕೊಂಡ ನೋವಿಗೆ ಅದು ಮದ್ದಲ್ಲ. ಲವಂಗದ ಎಣ್ಣೆ ಸುರಿದುಕೊಂಡು ವಸಡು ಸುಟ್ಟುಕೊಂಡೆ. ಕೊನೆಗೆ ಅರ್ಧರಾತ್ರಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದೆ. ಅಲ್ಲಿ ನೋವಿನ ಮಾತ್ರೆ ಬರೆದುಕೊಟ್ಟು, ಬೆಳಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂದರು. ಉಳಿಸೋಕೆ ಹೋಗಿದ್ದ ದುಡ್ಡು ಅಲ್ಲೇ ಕೈಬಿಟ್ಟಿತು.

ಬೆಳಗ್ಗೆ ಹಲ್ಲು ಕಿತ್ತವರಿಗೇ ಫೋನ್ ಮಾಡಿದೆ. ಸಂಕೋಚ ಬಿಟ್ಟು ಮೊದಲೇ ಕೇಳಿದೆ: 'ನನಗೆ ವಿಮೆ ಇಲ್ಲ, ಕೈಯಿಂದಲೇ ಕೊಡಬೇಕು, ನೋಡೋಕೆ ಎಷ್ಟಾಗುತ್ತದೆ?' 'ನಾವೇ ಕಿತ್ತ ಹಲ್ಲಿನ ತೊಂದರೆಗೆ ಮತ್ತೆ ನೋಡೋಕೆ ಫೀಸು ತಗೊಳಲ್ಲ, ಡ್ರೆಸಿಂಗಿಗೆ ಮಾತ್ರ' ಅಂದರು. ಎಲ್ಲರೂ ಹಾಗೆ ಅನ್ನುತ್ತಾರೆ ಅಂತಲ್ಲ, ಆದರೆ ಕೇಳದೆ ಗೊತ್ತಾಗಲ್ಲ ಅಲ್ವಾ? ಗುಳಿ ತೊಳೆದರು, ಮದ್ದು ಹಚ್ಚಿದ ಸಣ್ಣ ಪಟ್ಟಿ ತುಂಬಿದರು. ಹತ್ತು ನಿಮಿಷ. ಕುರ್ಚಿಯಿಂದ ಇಳಿಯುವ ಹೊತ್ತಿಗೆ ನೋವು ಅರ್ಧ ಇಳಿದಿತ್ತು. ಆಮೇಲೆ ಎರಡು ಸಲ ಹೋಗಿ ಪಟ್ಟಿ ಬದಲಿಸಿಕೊಂಡು ಬಂದೆ, ಅಷ್ಟೇ.

ನಿನ್ನ ಹಲ್ಲು ಕಿತ್ತವರು ಜಾಸ್ತಿ ಕೇಳಿದರೆ ಡೆಂಟಲ್ ಕಾಲೇಜಿಗೆ ಹೋಗು. ಕಲಿಯುವವರು ಮಾಡುತ್ತಾರೆ, ಪ್ರೊಫೆಸರ್ ಪಕ್ಕದಲ್ಲೇ ನಿಂತಿರುತ್ತಾರೆ. ಖರ್ಚು ಕಮ್ಮಿ, ಕಾಯುವುದು ಜಾಸ್ತಿ. ಕಿತ್ತಾಗ ತೆಗೆದ ಎಕ್ಸ್‌ರೇ ಕೇಳಿ ತಗೊಂಡು ಹೋಗು, ಇನ್ನೊಂದು ಸಲ ತೆಗೆಸುವುದು ತಪ್ಪಬಹುದು. ಒಂದೇ ಸಲ ಕೊಡೋಕೆ ಆಗದಿದ್ದರೆ ಕಂತು ಮಾಡಿಕೊಡ್ತೀರಾ ಅಂತ ಕೇಳು. ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ ಮಾರಾಯ.

ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮೆಲ್ಲಗೆ ಬಾಯಿ ತೊಳೆದುಕೋ. ಜೋರಾಗಿ ಮುಕ್ಕಳಿಸಬೇಡ, ಸ್ಟ್ರಾ ಹಾಕಿ ಏನೂ ಹೀರಬೇಡ. ಸಿಗರೇಟು ಬಗ್ಗೆ ನಾನು ಹೇಳಿದರೆ ನೀನು ನಗುತ್ತೀಯ, ಆದರೂ ಬೇಡ.

ಇನ್ನೊಂದು ವಿಷಯ, ಇಲ್ಲಿ ಮಾತ್ರ ದುಡ್ಡಿನ ಲೆಕ್ಕ ಹಾಕಬೇಡ. ಮುಖ ಅಥವಾ ಕತ್ತು ಊದುತ್ತಾ ಹೋಗುತ್ತಿದೆಯಾ? ಜ್ವರ ಇದೆಯಾ? ಎಂಜಲು ನುಂಗೋಕೆ, ಬಾಯಿ ತೆರೆಯೋಕೆ, ಉಸಿರಾಡೋಕೆ ಕಷ್ಟವಾ? ಬಟ್ಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲವಾ? ಇದರಲ್ಲಿ ಯಾವುದಿದ್ದರೂ ಅದು ಡ್ರೈ ಸಾಕೆಟ್‌ಗಿಂತ ದೊಡ್ಡದು. ಸೋಂಕು ಗಂಟಲಿನ ಕಡೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಆಗ ಹೊತ್ತು ಗೊತ್ತು ನೋಡದೆ ಎಮರ್ಜೆನ್ಸಿಗೇ ಹೋಗು.

ಬರೀ ನೋವು, ವಾಸನೆ ಮಾತ್ರವಾದರೆ ನಾಳೆ ಬೆಳಗ್ಗೆ ಮೊದಲು ನಿನ್ನ ಹಲ್ಲು ಕಿತ್ತವರಿಗೆ ಫೋನ್ ಮಾಡು, ಆಮೇಲೆ ನನಗೆ. ದುಡ್ಡು ಕೇಳೋಕೆ ನಿನಗೆ ಮುಜುಗರ ಅಂತ ಗೊತ್ತು, ಅದಕ್ಕೇ ನಾನೇ ಹೇಳುತ್ತಿದ್ದೇನೆ, ಕಮ್ಮಿ ಬಿದ್ದರೆ ನನ್ನ ಹತ್ತಿರ ಸ್ವಲ್ಪ ಇದೆ.

ನಿನ್ನ,
ಒಂದು ಹಲ್ಲು ಕಮ್ಮಿ ಇರುವ ಗೆಳೆಯ