ಮೈದಾನದಲ್ಲಿ ಯಾವ ಸಂಚಾರಕ್ಕೆ ಅಡ್ಡಿ?

ಮಾನ್ಯ ಸಂಪಾದಕರೇ,

ಬಸ್ ನಿಲ್ದಾಣದ ಪಕ್ಕದ ಮೈದಾನದಿಂದ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳನ್ನು ಎಬ್ಬಿಸಿದ ಸುದ್ದಿ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಸಂಚಾರಕ್ಕೆ ಅಡ್ಡಿ’ ಅಂತ ಅಧಿಕಾರಿಗಳ ಸಬೂಬು. ಮೈದಾನದೊಳಗೆ ಯಾವ ಸಂಚಾರ ಸ್ವಾಮಿ? ಅಲ್ಲಿ ಓಡಾಡುವುದು ಹಂದಿಗಳು ಮಾತ್ರ.

ನನ್ನ ಪಾಡು ಕೇಳಿ. ಶನಿವಾರ ಮೊಮ್ಮಗನಿಗೆ ಅಲ್ಲೇ 450 ರೂಪಾಯಿಗೆ ಒಂದು ಸ್ವೆಟರ್ ತಂದೆ. ಮನೆಗೆ ಬಂದು ಹಾಕಿದರೆ ತಲೆಯೇ ತೂರಲಿಲ್ಲ. ಫೋನ್ ಮಾಡಿದರೆ ಅಂಗಡಿಯಾಕೆ, ‘ಸೋಮವಾರ ಬರ್ರಿ ಅಕ್ಕೋರ, ದೊಡ್ಡದ್ ತಗದಿಟ್ಟಿರ್ತೀನಿ’ ಅಂದಳು. ಸೋಮವಾರ ಹೋದರೆ ಅಂಗಡಿಯೇ ಇಲ್ಲ. ನಾಲ್ಕು ಬಿದಿರು ಗಳ, ಹರಿದ ನೀಲಿ ತಾಡಪತ್ರಿ, ಮಣ್ಣಲ್ಲಿ ಬಿದ್ದ ಒಂಟಿ ಕೈಗವಸು. ದೊಡ್ಡ ಸೈಜಿನ ಗಂಟು ಲಾರಿ ಹತ್ತಿ ಹೋಯಿತಂತೆ, ಬಿಡಿಸಿಕೊಳ್ಳಲು ದಂಡ ಕಟ್ಟಬೇಕಂತೆ. ಆಟೊಗೆ 120 ರೂಪಾಯಿ ದಂಡ ತೆತ್ತು ಮಾಲ್‌ಗೆ ಹೋದೆ. ಅಂಥದ್ದೇ ಸ್ವೆಟರ್ 1,699! ಒಂದೇ ಒಗೆತಕ್ಕೆ ಮೈತುಂಬ ಉಂಡೆ ಎದ್ದಿವೆ. ನಮ್ಮ ಮನೆಯವರಿಗೆ ಉಬ್ಬಸ. ಅವರ ಮಂಕಿ ಕ್ಯಾಪ್ ತರುವುದು ಬಾಕಿಯೇ ಉಳಿಯಿತು.

‘ಹೊರಗಿನವರು’ ಅಂತ ಒಬ್ಬ ಸಾಹೇಬರು ಅಂದರಂತೆ. ಈ ಟಿಬೆಟಿಯನ್ನರು ಇರುವ ಮುಂಡಗೋಡದ ನಿರಾಶ್ರಿತರ ಶಿಬಿರ ಶುರುವಾದದ್ದು 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ಈ ಅಂಗಡಿಯಾಕೆ ಹುಟ್ಟಿದ್ದೂ ಅಲ್ಲೇ. ಸಾಹೇಬರು ನಮ್ಮೂರಿಗೆ ವರ್ಗವಾಗಿ ಬಂದು ಎಂಟು ತಿಂಗಳೂ ಆಗಿಲ್ಲ. ಶಿಬಿರದವರು ಬೆಳೆಯುವ ಗೋವಿನಜೋಳದ ದುಡ್ಡು ಯಾವ ಮೂಲೆಗೂ ಸಾಲದು. ಅದಕ್ಕೇ ಲುಧಿಯಾನದಿಂದ ಉದ್ರಿ ಮಾಲು ತಂದು, ದೀಪಾವಳಿಯಿಂದ ಸಂಕ್ರಾಂತಿವರೆಗೆ ಮಾರುತ್ತಾರೆ. ಉದ್ರಿ ತೀರಿಸಿ ಉಳಿದದ್ದರಲ್ಲಿ ವರ್ಷ ತಳ್ಳಬೇಕು. ಆ ಮೂರು ತಿಂಗಳಿಗೂ ಕಲ್ಲು ಹಾಕಿದರೆ?

ಇವರಿಗೆ ಟ್ರೇಡ್ ಲೈಸೆನ್ಸ್ ಕೊಡಬಹುದು ಅಂತ ಕೇಂದ್ರದ ಟಿಬೆಟಿಯನ್ ಪುನರ್ವಸತಿ ನೀತಿ 2014ರಲ್ಲೇ ಹೇಳಿದೆ. ತೆರವಿಗೆ ಮೊದಲು 30 ದಿನದ ನೋಟಿಸ್ ಕೊಡಬೇಕು ಅನ್ನುವ ಬೀದಿ ವ್ಯಾಪಾರಿಗಳ ಕಾಯ್ದೆಯೂ ಅದೇ ವರ್ಷದ್ದು. ನೋಟಿಸ್ ಕೊಟ್ಟಿದ್ದೇವೆ ಅಂತಾರೆ. ಎಲ್ಲಿ? ಮೈದಾನದ ಶೌಚಾಲಯದ ಬಾಗಿಲಿಗೆ ಅಂಟಿಸಿದ್ದರಂತೆ! ರಿಬ್ಬನ್ ಕತ್ತರಿಸಿದ ಮರುದಿನವೇ ಬೀಗ ಬಿದ್ದ ಶೌಚಾಲಯ ಅದು. ಅತ್ತ ಯಾರು ಹೋಗುತ್ತಾರೆ? ಹೋದ ತಿಂಗಳು ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಅಲ್ಲೇ ಪೆಂಡಾಲ್ ಹಾಕಿ ಮೂರು ದಿನ ರಸ್ತೆ ಬಂದ್ ಮಾಡಿದ್ದರು. ಆಗ ಸಂಚಾರ ರಜೆಯಲ್ಲಿತ್ತೇನೋ. ನಮ್ಮ ಓಣಿಯನ್ನು ಒಳಚರಂಡಿಗೆ ಎರಡು ಸಲ ಅಗೆದು ಹಾಗೇ ಬಿಟ್ಟಿದ್ದಾರೆ. ಬೀದಿ ದೀಪಕ್ಕೆ ನಾನು ಮೂರು ಅರ್ಜಿ ಕೊಟ್ಟಿದ್ದೇನೆ. ಮೂರನೆಯದನ್ನು ತೆಗೆದುಕೊಂಡವರು ಮೊದಲನೆಯದರ ಪ್ರತಿ ತನ್ನಿ ಅಂದರು.

ಊರವರು ಕೈಬಿಟ್ಟಿಲ್ಲ. ಉಳಿದ ಗಂಟುಗಳನ್ನು ಚಹಾ ಅಂಗಡಿಯವರು ತಮ್ಮ ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ. ಕನ್ನಡ ಶಾಲೆಯ ಟೀಚರ್ ಒಬ್ಬರು ಪಟ್ಟಿ ಎತ್ತಿ ಮಕ್ಕಳಿಗೆ 40 ಸ್ವೆಟರ್ ಕೊಂಡರು, ಚೌಕಾಸಿ ಮಾಡದೆ. ನಿನ್ನೆ ನಮ್ಮ ಮನೆ ಕಟ್ಟೆಯ ಮೇಲೇ ಅಂಗಡಿ ಹಾಕಿಸಿದೆವು. ‘ಪರ್ಮಿಷನ್ ಇದೆಯಾ’ ಅಂತ ಅಲ್ಲಿಗೂ ಒಬ್ಬ ಬಂದ. ನಮ್ಮ ಕಟ್ಟೆ ನಮ್ಮದಲ್ವಾ?

ಅವರಿಗೆ ಅದೇ ಜಾಗ ಕೊಡಿ. ಇಲ್ಲ, ಬೇರೆ ಜಾಗವನ್ನಾದರೂ ಕೊಡಿ. ಆ ಶೌಚಾಲಯದ ಬೀಗವನ್ನೂ ತೆಗೆಯಿರಿ. ನಮ್ಮ ಓಣಿಯ ಕತ್ತಲು ಹಾಗೇ ಇರಲಿ ಬಿಡಿ, ರೂಢಿಯಾಗಿದೆ. ಮೊದಲು ಆ ಗಂಟು ವಾಪಸ್ ಕೊಡಿ. ಅದರಲ್ಲಿ ನನ್ನ ಮೊಮ್ಮಗನ ಸ್ವೆಟರ್ ಇದೆ.

– ನಿವೃತ್ತ ಶಿಕ್ಷಕಿ, ಮೈದಾನದ ಹಿಂದಿನ ಓಣಿ